ಗೋಡೆಯಿಂದ ಇಳಿಯದ ಕೌದಿ

ನಮ್ಮವರು ಚಾವಡಿಯ ಗೋಡೆಯಿಂದ ಕೌದಿ ಕಿತ್ತರೆಂಬ ಸುದ್ದಿ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಸುದ್ದಿ ತಂದವಳು ಪಕ್ಕದ ಮನೆಯ ಹುಸೇನಬಿ. ಓಡಿ ಬಂದ ರಭಸಕ್ಕೆ ಒಂದು ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು ಬಂದಿದ್ದಳು. ಬೇರೆ ಊರಿನಲ್ಲಾದರೆ, ಗಂಡ ಗೋಡೆಯ ಮೇಲಿನ ಬಟ್ಟೆ ಕಿತ್ತನೆಂದರೆ ಹೆಂಡತಿ ನಕ್ಕು ಸುಮ್ಮನಾಗುತ್ತಿದ್ದಳೇನೋ. ನನಗೆ ನಗು ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತೆ.

ನಮ್ಮೂರಿನಲ್ಲಿ ಕಷ್ಟವನ್ನು ಬಾಯಲ್ಲಿ ಹೇಳುವಂತಿಲ್ಲ, ಕಾಗದದಲ್ಲಿ ಬರೆಯುವಂತಿಲ್ಲ. ಹಳೆ ಬಟ್ಟೆಯ ಚಿಂದಿಗಳಲ್ಲಿ ಕಷ್ಟವನ್ನು ಚಿತ್ರಿಸಿ ಕೌದಿ ಹೊಲಿದು ಚಾವಡಿಗೆ ಕೊಡಬೇಕು. ನಲ್ಲಿಗೆ ನೀರು ಬರದಿದ್ದರೆ ಕೌದಿ, ಪಡಿತರದ ಅಕ್ಕಿಯಲ್ಲಿ ಹುಳ ಬಂದರೆ ಕೌದಿ, ಮೇಲಿನ ಓಣಿಯವರು ಹೊಡೆದರೆ ಅದಕ್ಕೂ ಕೌದಿ. ಕೊಟ್ಟ ಕೌದಿಯನ್ನು ಚಾವಡಿಯ ದೊಡ್ಡ ಪಡಸಾಲೆಯ ಗೋಡೆಗೆ ತೂಗುಹಾಕುತ್ತಾರೆ. ಕಷ್ಟ ಬಗೆಹರಿದ ದಿನ ಇಳಿಸಿ ಮನೆಗೆ ಕಳಿಸುತ್ತಾರೆ. ಬಗೆಹರಿಯುವ ತನಕ ಅದನ್ನು ಯಾರೂ ಇಳಿಸುವಂತಿಲ್ಲ, ಚಾವಡಿಯ ಸಾಹೇಬರೂ ಇಳಿಸುವಂತಿಲ್ಲ. ಎಲ್ಲಾದರೂ ಹರಿದು ಹೋದರೆ ಹೊಲಿದವಳೇ ಬಂದು ಕೇಳಿ ರಿಪೇರಿಗೆ ಒಯ್ಯಬಹುದು, ಅಷ್ಟೇ. ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತದಂತೆ. ನಮಗೆ ಹುಟ್ಟಿದಾಗಿನಿಂದ ಇದೇ. ಹೆಣ್ಣುಮಗಳೊಬ್ಬಳು ಮೊದಲ ಸಲ ಸೂಜಿಗೆ ದಾರ ಪೋಣಿಸಿದರೆ ಮನೆಗೊಂದು ಬಾಯಿ ಬಂತೆಂದು ಸಕ್ಕರೆ ಹಂಚುತ್ತಾರೆ.

ನನ್ನದು ಊರಿಗೇ ಹೆಸರಾದ ಕೈ. ಜಂಬ ಅಂದುಕೊಳ್ಳಬೇಡಿ, ಜಂಬಪಡುವ ವಯಸ್ಸು ಮುಗಿದು ಬಹಳ ಕಾಲವಾಯಿತು. ನಮ್ಮ ಓಣಿಯವರ ಅರ್ಧಕ್ಕರ್ಧ ಕಷ್ಟಗಳನ್ನು ಹೊಲಿದುಕೊಟ್ಟವಳು ನಾನು. ಶಾವಂತ್ರವ್ವನ ಕೌದಿ ಅಂದರೆ ಚಾವಡಿಯ ಜವಾನ ಕೂಡ ಎದ್ದು ಬಂದು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದ. ನನ್ನ ಹೊಟ್ಟೆ ಅಷ್ಟಕ್ಕೇ ತುಂಬುತ್ತಿತ್ತು.

ನಮ್ಮ ಓಣಿ ಇರುವುದು ಊರಿನ ತಗ್ಗಿನಲ್ಲಿ. ಮೇಲಿನ ಓಣಿಯವರು ಮಿಂದದ್ದು, ತೊಳೆದದ್ದು, ಚೆಲ್ಲಿದ್ದೆಲ್ಲ ಒಂದೇ ಗಟಾರದಲ್ಲಿ ಇಳಿದು ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತದೆ. ಮುಂದಕ್ಕೆ ಅದಕ್ಕೆ ದಾರಿಯಿಲ್ಲ. ನಾಲ್ಕು ಹನಿ ಮಳೆ ಬಿದ್ದರೆ ಹೊಸ್ತಿಲು ದಾಟಿ ಒಲೆಯ ತನಕ ಬರುತ್ತದೆ. ಆ ಗಟಾರದ ಕಷ್ಟಕ್ಕೊಂದು ಕೌದಿ ಹೊಲಿದೆ. ಕರಿ ಬಟ್ಟೆ, ಕಡುನೀಲಿ ಬಟ್ಟೆ, ನಡುನಡುವೆ ಹರಿದ ರೇಷ್ಮೆ ಸೀರೆಯ ಅಂಚು ಸೇರಿಸಿ, ಮನೆಗಳ ನಡುವೆ ಗಟಾರ ಬಳುಕಿ ಹರಿಯುವ ಹಾಗೆ ಮಾಡಿದೆ. ದಂಡೆಯ ಮೇಲೆ ಕೆಂಪು ಚಿಂದಿಯ ಮಕ್ಕಳನ್ನು ಕೂರಿಸಿದೆ. ಸಾಹೇಬರು ಅದನ್ನು ಹತ್ತಿರದಿಂದಲೂ ದೂರದಿಂದಲೂ ನೋಡಿದರಂತೆ. ಆಮೇಲೆ ಅದಕ್ಕೆ ‘ಕಪ್ಪು ನದಿ’ ಎಂದು ಹೆಸರಿಟ್ಟು, ಎಡಕ್ಕೊಂದು ಬಲಕ್ಕೊಂದು ದೀಪ ಹಾಕಿಸಿದರು. ಬೇರೆ ಊರುಗಳಿಂದ ಕಾರಿನಲ್ಲಿ ಬಂದವರು ಅದರ ಮುಂದೆ ನಿಂತು ತಲೆದೂಗುತ್ತಿದ್ದರು. ಕೆಲವರು ಕಣ್ಣೊರೆಸಿಕೊಂಡದ್ದೂ ಉಂಟು. ಕಣ್ಣೊರೆಸಿಕೊಂಡು ಕಾರು ಹತ್ತಿ ಹೋಗುತ್ತಿದ್ದರು. ತಗ್ಗಿನ ಓಣಿಗೆ ಇಳಿದು ಬಂದವರು ಯಾರೂ ಇಲ್ಲ. ಗಟಾರ ಇದ್ದಲ್ಲೇ ಇತ್ತು, ಕೌದಿಯೂ ಇದ್ದಲ್ಲೇ ಇತ್ತು, ವರ್ಷಗಳು ಮಾತ್ರ ಹೋದವು.

ನಮ್ಮವರು ಪೇಟೆಯಲ್ಲಿ ಹಮಾಲಿ. ಮಾತು ಕಮ್ಮಿ, ಸಿಟ್ಟು ಇನ್ನೂ ಕಮ್ಮಿ. ಆ ದಿನ ಚಾವಡಿಗೆ ಹೊಸ ಕುರ್ಚಿಗಳನ್ನು ಹೊತ್ತು ಹಾಕಲು ಹೋಗಿದ್ದರು. ಪಡಸಾಲೆಯಲ್ಲಿ ಹೊರಗಿನ ಹೆಣ್ಣುಮಗಳೊಬ್ಬಳು ನನ್ನ ಗಟಾರವನ್ನು ನೋಡುತ್ತ, ಇಂಥದೇ ಬಣ್ಣದ ಪರದೆ ನಮ್ಮ ಮನೆಯ ಊಟದ ಕೋಣೆಗೆ ಎಷ್ಟು ಒಪ್ಪುತ್ತದೆ ಎಂದು ಜೊತೆಗಿದ್ದವಳಿಗೆ ಹೇಳಿದಳಂತೆ. ನಮ್ಮವರು ಹೆಗಲ ಮೇಲಿನ ಕುರ್ಚಿಯನ್ನು ಗೋಡೆಗೆ ಸೇರಿಸಿಟ್ಟು, ಅದರ ಮೇಲೆ ಹತ್ತಿ, ಮೊಳೆ ಸಮೇತ ಕೌದಿ ಕಿತ್ತರಂತೆ. ಇದನ್ನೆಲ್ಲ ನನಗೆ ಹೇಳಿದವರು ಚಾವಡಿಯ ರಾಚಯ್ಯನವರು. ಬಂದ ಕೌದಿಗಳನ್ನು ಬಿಡಿಸಿ, ಯಾವ ಚಿಂದಿ ಏನು ಹೇಳುತ್ತದೆ ಎಂದು ಸಾಹೇಬರಿಗೆ ಓದಿ ಹೇಳುವುದು ಅವರ ನೌಕರಿ. ಕೌದಿಯನ್ನು ಆಗಲೇ ಝಾಡಿಸಿ ಮೊದಲಿನ ಜಾಗದಲ್ಲೇ ನೇತುಹಾಕಿದ್ದರು. ನಮ್ಮವರನ್ನು ಚಾವಡಿಯ ಹಿಂದಿನ ಕೋಣೆಗೆ ಹಾಕಿ ಬೀಗ ಜಡಿದಿದ್ದರು. ಕಿಟಕಿಯಿಲ್ಲದ ಕೋಣೆ ಅದು. ನೋಡಲು ಬಿಡುವುದಿಲ್ಲ, ರೊಟ್ಟಿ ಕೊಡಲೂ ಬಿಡುವುದಿಲ್ಲ. ಬಿಡುಗಡೆ ಬೇಕಿದ್ದರೆ ಹೆಂಡತಿ ಕೌದಿ ಹೊಲಿದು ಕೊಡಲಿ ಎಂದು ಸಾಹೇಬರ ಅಪ್ಪಣೆಯಾಗಿತ್ತು.

ಹೊಲಿಯುವುದು ತಾನೇ, ಅದೊಂದು ನನಗೆ ಬರುತ್ತದೆ ಎಂದು ಸೆರಗು ಬಿಗಿದು ಕುಳಿತೆ. ಓಣಿಯ ಹೆಂಗಸರೆಲ್ಲ ಪೆಟ್ಟಿಗೆಯ ತಳದಲ್ಲಿದ್ದದ್ದನ್ನು ತಂದುಕೊಟ್ಟರು. ಒಬ್ಬಳು ಮದುವೆಯ ಕುಪ್ಪಸ, ಇನ್ನೊಬ್ಬಳು ಸತ್ತ ಅತ್ತೆಯ ಇಳಕಲ್ಲ ಸೀರೆಯ ಸೆರಗು. ಹುಸೇನಬಿ ಗಂಡನ ಹಬ್ಬದ ಜುಬ್ಬವನ್ನೇ ಕತ್ತರಿಸಿಬಿಟ್ಟಳು, ಅದಕ್ಕೆ ಬೈಸಿಕೊಂಡಳು ಕೂಡ. ನಾನು ಜೀವ ಹಿಂಡಿ ಹೊಲಿದೆ. ಮೂಲೆಯಲ್ಲಿ ಕಪ್ಪು ಚೌಕದೊಳಗೆ ಅಂಗೈಯಷ್ಟು ಸಣ್ಣ ಮನುಷ್ಯ, ಅವನ ಹೆಗಲ ಮೇಲೆ ಇಲ್ಲದ ಮೂಟೆಯ ಬಾಗು. ಉಳಿದ ಜಾಗವೆಲ್ಲ ಒಂದು ಬೆಳ್ಳನೆಯ ಅಂಗಳ, ಅಂಗಳದ ಆ ತುದಿಗೆ ಕುಳಿತ ಒಬ್ಬ ಹೆಂಗಸು. ಕಣ್ಣು ಕಿತ್ತು ಬರುವ ಹಾಗೆ ನೋಯುತ್ತಿತ್ತು. ನೋಡಿದವರ ಕರುಳು ಚುರುಕ್ಕೆನ್ನಬೇಕು, ಹಾಗೆ ಹೊಲಿದರೆ ನಮ್ಮವರು ಮನೆಗೆ ಬರುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಕೊಟ್ಟ ದಿನ ರಾಚಯ್ಯನವರು ಅದನ್ನು ಬಿಡಿಸಿ ಓದಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಇದು ಪಡಸಾಲೆಯ ನಟ್ಟನಡುವೆ ಇರಲಿ, ಎದುರಿಗೆ ಒಂದು ಬೆಂಚು ಹಾಕಿಸಿ, ಜನ ಕೂತು ನೋಡಲಿ ಎಂದರು. ನಾನು ಹುಚ್ಚಿ, ಕೈಮುಗಿದು ನಗುನಗುತ್ತ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಟ್ಟಿಟ್ಟೆ. ನಮ್ಮವರು ಬರಲಿಲ್ಲ. ಮರುದಿನವೂ ಬರಲಿಲ್ಲ. ರೊಟ್ಟಿ ಒಣಗಿದವು, ಓಣಿಯ ಆಡಿಗೆ ಹಾಕಿದೆ. ಹಬ್ಬ ಬಂತು, ಹೋಯಿತು.

ಚಾವಡಿಗೆ ಅಲೆದು ಅಲೆದು ಕಾಲು ಸೋತವು. ಹೋದಾಗಲೆಲ್ಲ ವಿಚಾರಣೆಯಲ್ಲಿದೆ ಎನ್ನುತ್ತಿದ್ದರು. ಬೆಂಚಿನ ಮೇಲೆ ಮಾತ್ರ ಯಾರಾದರೊಬ್ಬರು ಕುಳಿತು ನನ್ನ ಗಂಡನನ್ನು ನೋಡುತ್ತಿದ್ದರು. ಒಬ್ಬ ಮುದುಕ ಗಲ್ಲಕ್ಕೆ ಕೈಹಚ್ಚಿ ಇಡೀ ಮಧ್ಯಾಹ್ನ ಕೂತಿದ್ದ. ಅಲ್ಲಿಂದ ಒಂದು ಗೋಡೆ ದಾಟಿದರೆ ನಿಜವಾದ ಗಂಡ ಕೂತಿದ್ದಾನಪ್ಪಾ, ಅವನನ್ನೂ ಒಮ್ಮೆ ನೋಡು ಎಂದು ಅವನಿಗೆ ಹೇಳಬೇಕೆನಿಸಿತು. ಬಾಯಲ್ಲಿ ಹೇಳುವಂತಿಲ್ಲವಲ್ಲ, ಉಗುಳು ನುಂಗಿಕೊಂಡು ಬಂದೆ.

ಕಣ್ಣು ತೆರೆಸಿದವಳು ಹುಸೇನಬಿ. ಅವಳ ಕೈ ಊರಿಗೇ ಗೊತ್ತಿದ್ದ ಕೆಟ್ಟ ಕೈ. ಅವಳು ಹೊಲಿದ ದೀಪದ ಕಂಬ ಬದನೆಕಾಯಿಯ ಹಾಗಿತ್ತು, ನಲ್ಲಿ ಬೆಕ್ಕಿನ ಹಾಗಿತ್ತು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆದರೆ ಓಣಿಗೆ ದೀಪ ಬಂದದ್ದು, ನಲ್ಲಿ ಬಂದದ್ದು, ಅವಳ ಅತ್ತೆಗೆ ಪಿಂಚಣಿ ಬಂದದ್ದು ಎಲ್ಲ ಆ ಕೌದಿಗಳಿಂದಲೇ. ಅವು ಗೋಡೆಯ ಮೇಲೆ ಒಂದು ವಾರ ಇದ್ದರೆ ಹೆಚ್ಚು. ಅದು ಅವಳ ನಸೀಬು ಎಂದು ನಾವು ತಿಳಿದಿದ್ದೆವು.

ಆ ದಿನ ಅವಳು ನನ್ನ ಪಕ್ಕ ಕುಳಿತು, ಬೇಜಾರು ಮಾಡಿಕೊಳ್ಳಬೇಡ ಎಂದು ಮೊದಲೇ ಕೈಹಿಡಿದು ಹೇಳಿದಳು, “ಅಕ್ಕಾ, ನನ್ನ ಕೌದಿ ಗ್ವಾಡಿ ಮ್ಯಾಲಿದ್ರ ಸಾಹೇಬ್ರಿಗೆ ಕೂಳ ಇಳೀತಿದ್ದಿಲ್ಲಂತ. ಯಾವಾಗ ತಗದೇವು ಅಂತ ಲಗು ಲಗು ಕೆಲಸ ಮಾಡಿ ಕೊಡ್ತಿದ್ರು. ನಿಂದು ಯಾಕ ತಗೀತಾರ ಹೇಳು?”

ನಾನು ನಂಬದೆ ರಾಚಯ್ಯನವರ ಮನೆಗೇ ಹೋಗಿ ಕೇಳಿದೆ. ಅವರು ಅತ್ತಿತ್ತ ನೋಡಿ, ಬಾಗಿಲು ಮುಂದೆ ಮಾಡಿ, ಮುಖ ಕೆಳಗೆ ಹಾಕಿದರು. “ತಂಗೀ, ನಿಮ್ಮ ದ್ಯಾಮಣ್ಣನ್ನ ಬಿಟ್ರ ಕೌದಿ ಇಳಸಬೇಕಾಗತೈತಿ. ಇಳಿಸಿದ್ರ ನಡುವಿನ ಗ್ವಾಡಿ ಬರಿದಾಗತೈತಿ. ಬರೂ ಹುಣ್ಣಿವಿಗೆ ದೊಡ್ಡ ಪ್ರದರ್ಶನ ಐತಿ. ಅಷ್ಟ ಚಂದ ಇದ್ದದ್ದನ್ನ ಯಾರ ಇಳಸ್ತಾರವಾ?” ಎಂದರು. ದಾರಿಯುದ್ದಕ್ಕೂ ನನ್ನ ಕೈಗಳನ್ನು ನೋಡಿಕೊಳ್ಳುತ್ತ ಬಂದೆ. ಈ ಕೈಗಳಿಂದಲೇ ಗಟಾರ ಅಷ್ಟು ವರ್ಷ ನಿಂತಿತ್ತು, ಈ ಕೈಗಳಿಂದಲೇ ನಮ್ಮವರು ಕತ್ತಲಲ್ಲಿದ್ದರು.

ಒಂದೇ ಕಷ್ಟಕ್ಕೆ ಎರಡನೆಯ ಕೌದಿ ಕೊಡುವಂತಿಲ್ಲ. ಹಾಗಾಗಿ ಇಲಿ ಕಡಿದಿದೆ ಎಂದು ನೆಪ ಹೇಳಿ ರಿಪೇರಿಗೆ ಕೇಳಿದೆ. ಅಂಚಿನಲ್ಲಿ ನಿಜವಾಗಿಯೂ ನಾಲ್ಕು ಹೊಲಿಗೆ ಬಿಟ್ಟಿತ್ತು, ದೇವರು ಅಷ್ಟಾದರೂ ಕಣ್ಣುಬಿಟ್ಟ. ಪ್ರದರ್ಶನಕ್ಕೆ ಮೊದಲು ತಂದುಕೊಡು ಎಂದು ಸಾಹೇಬರು ನೂರು ಸಲ ಹೇಳಿ ಕಳಿಸಿದರು. ಮನೆಗೆ ತಂದು, ಬಾಗಿಲು ಹಾಕಿ, ಅದನ್ನು ಕೆಡಿಸಲು ಕುಳಿತೆ. ಹೊಲಿಗೆ ಬಿಚ್ಚಿ ಡೊಂಕಾಗಿ ಹಾಕಿದೆ, ಆ ಡೊಂಕು ನಡುಗುವ ಕೈಯ ಹಾಗೆ ಕಂಡು ಇನ್ನಷ್ಟು ಕರುಳು ಹಿಂಡಿತು. ಹೆಂಗಸಿನ ಹಸಿರು ಸೀರೆಯ ಪಕ್ಕಕ್ಕೆ ಒಪ್ಪದ ಕಿತ್ತಳೆ ಬಣ್ಣ ಹಚ್ಚಿದೆ, ಅದು ಸಂಜೆಯ ಬಿಸಿಲಿನ ಹಾಗೆ ಕೂತಿತು. ನನ್ನ ಸುಡುಗಾಡು ಕೈಗೆ ಕೆಟ್ಟದ್ದು ಮಾಡಲು ಬರಲೇ ಇಲ್ಲ.

ನೀನೇ ಹೊಲಿ ಎಂದು ಹುಸೇನಬಿಯ ಕೈಗೆ ಸೂಜಿ ಕೊಟ್ಟೆ. ಅವಳು ಬಿಸ್ಮಿಲ್ಲಾ ಅಂದು ಕುಳಿತಳು. ಎರಡು ಗೇಣು ಹೊಲಿದಳು. ಇಬ್ಬರೂ ನೋಡಿದೆವು. ಗೆರೆ ಎಳೆದ ಹಾಗೆ ನೇರ ಹೊಲಿಗೆ, ಸಾಸಿವೆ ಕಾಳು ಸಾಲಿಟ್ಟ ಹಾಗೆ. ಪಿಂಚಣಿಯ ಕೌದಿ ಆದಮೇಲೆ ಎರಡು ಚಳಿಗಾಲ ಅವಳನ್ನು ನನ್ನ ಅಂಗಳದಲ್ಲಿ ಕೂರಿಸಿಕೊಂಡು, ಬೆರಳ ಗಂಟಿನ ಮೇಲೆ ಹೊಡೆದು ಕಲಿಸಿದವಳು ನಾನೇ. ಅವಳಿಗೊಬ್ಬಳಿಗೇ ಅಲ್ಲ, ಓಣಿಯ ಹೆಂಗಸರಿಗೆಲ್ಲ ಕಲಿಸಿದ್ದೆ. ಒಬ್ಬೊಬ್ಬರನ್ನೇ ಕರೆದು ಹೊಲಿಸಿ ನೋಡಿದೆ, ಎಲ್ಲರದ್ದೂ ಒಂದಕ್ಕಿಂತ ಒಂದು ಚಂದ. ಇಡೀ ಓಣಿಯಲ್ಲಿ ಕೆಟ್ಟದಾಗಿ ಹೊಲಿಯುವ ಒಂದು ಕೈ ಉಳಿದಿರಲಿಲ್ಲ. ಹುಸೇನಬಿಗೆ ನಗು ಬಂತು, ನನಗೂ ಬಂತು. ನಗುತ್ತಲೇ ನನಗೆ ಅಳು ಒತ್ತರಿಸಿ ಬಂದು, ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ನಮ್ಮವರು ಬದುಕಿದ್ದಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಅತ್ತು ತಲೆಯೆತ್ತಿದಾಗ ಕಣ್ಣಿಗೆ ಬಿದ್ದದ್ದು ಹೊಸ್ತಿಲು. ಗಟಾರದ ನೀರು ಒಳಗೆ ಬಾರದಿರಲೆಂದು ಅಲ್ಲಿ ಹಳೆ ಬಟ್ಟೆ ತುರುಕಿರುತ್ತೇವೆ, ಓಣಿಯ ಎಲ್ಲ ಮನೆಗಳಲ್ಲೂ ಹಾಗೆಯೇ. ವರ್ಷಗಟ್ಟಲೆ ನೆನೆದು ಕೊಳೆತು ಕರ್ರಗಾದ ಬಟ್ಟೆಗಳು. ಕೌದಿಗೆ ಒಳಪದರ ಬೇಕೇ ಬೇಕು. ಮೇಲಿನ ಬಟ್ಟೆ ಬಿಚ್ಚಿ ಒಳಗಿನ ಮೆತ್ತನೆಯ ಸೀರೆಗಳನ್ನು ತೆಗೆದೆ. ಹುಸೇನಬಿ ಮೂಗಿಗೆ ಸೆರಗು ಸುತ್ತಿಕೊಂಡು ಮನೆಮನೆಯ ಹೊಸ್ತಿಲಿನಿಂದ ಬಟ್ಟೆ ಕಿತ್ತು ತಂದಳು. ಮಾಳಿಗೆಯ ಮೇಲೆ ಹರವಿ ನೀರು ಆರಿಸಿ, ಪದರ ಪದರವಾಗಿ ಒಳಗಿಟ್ಟೆ. ಹೊರಗೆ ಒಂದು ಚುಕ್ಕೆ ಕಲೆಯಾಗದ ಹಾಗೆ ಮೇಣದ ಬಟ್ಟೆ ಕೊಟ್ಟು, ಮೇಲಿನದನ್ನು ಮೊದಲಿದ್ದಂತೆಯೇ ಹೊಲಿದೆ. ಮೊದಲಿಗಿಂತ ಚಂದವಾಗಿಯೇ ಹೊಲಿದೆ, ಸುಳ್ಳೇಕೆ ಹೇಳಲಿ.

ಚಳಿಯ ದಿನ, ಒಣಗಿದ ಬಟ್ಟೆ. ಒಯ್ದು ಕೊಟ್ಟಾಗ ಯಾರಿಗೂ ಏನೂ ತಿಳಿಯಲಿಲ್ಲ. ರಾಚಯ್ಯನವರು ಮಾತ್ರ ಒಮ್ಮೆ ಮೂಗು ಏರಿಸಿ, ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಒಯ್ದರು. ಪ್ರದರ್ಶನಕ್ಕೆಂದು ದೊಡ್ಡ ದೊಡ್ಡ ದೀಪ ತರಿಸಿ ಅದರ ಸುತ್ತ ಹಾಕಿದ್ದರು. ದೀಪದ ಕಾವಿಗೆ ಕೌದಿ ಬಿಸಿಯಾಯಿತು, ಒಳಗಿದ್ದದ್ದು ಎದ್ದಿತು.

ಮೊದಲು ಇಲಿ ಸತ್ತಿದೆ ಎಂದುಕೊಂಡು ಮಾಡಿನ ಹೆಂಚು ತೆಗೆಸಿದರಂತೆ. ಆಮೇಲೆ ನೆಲದ ಕಲ್ಲು ಎಬ್ಬಿಸಿದರಂತೆ. ಕಸ ಗುಡಿಸುವವಳನ್ನು ಬೈದರು, ಲೋಬಾನದ ಹೊಗೆ ಹಾಕಿದರು, ಗುಲಾಬಿ ನೀರು ಚಿಮುಕಿಸಿದರು. ಗುಲಾಬಿಯೂ ಗಟಾರವೂ ಸೇರಿ ಬಂದವರಿಗೆ ವಾಕರಿಕೆ ಹೆಚ್ಚಾಯಿತು. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಮುದುಕ ಎದ್ದು ಹೊರಗೆ ಹೋಗಿ ಕಾರಿಕೊಂಡನಂತೆ. ಕೊನೆಗೆ ಜವಾನ ಕೌದಿಯ ಹತ್ತಿರ ಮೂಗು ಒಯ್ದ. ಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ನನಗೆ ಕರೆ ಬಂತು.

ಸಾಹೇಬರು ಪಡಸಾಲೆಯ ಬಾಗಿಲಲ್ಲೇ ಕರವಸ್ತ್ರ ಹಿಡಿದು ನಿಂತಿದ್ದರು. ಒಳಗೆ ಬರಲು ಅವರಿಗೂ ಆಗುತ್ತಿರಲಿಲ್ಲ. ಅದರೊಳಗೆ ಏನಿಟ್ಟಿದ್ದೀಯಾ ಎಂದು ಕೇಳಿದರು.

“ನೀವ ಹೆಸರಿಟ್ಟೀರಲ್ರೀ, ಕಪ್ಪು ನದಿ. ಅದ ಐತ್ರಿ,” ಎಂದೆ.

ಅವರ ಮುಖ ಕೆಂಪಾಯಿತು. ಕೌದಿ ಒಯ್ದು ತೊಳೆದು ತಾ ಎಂದರು. ನಾನು ಕೌದಿಗೆ ಕೈ ಚಾಚಲಿಲ್ಲ. ಹೊಲಿದವಳು ಬಾಯಿಬಿಟ್ಟು ಕೇಳದೆ ರಿಪೇರಿಗೆ ಕೊಡುವಂತಿಲ್ಲ ಎಂದು ರಾಚಯ್ಯನವರು ಕೆಮ್ಮುತ್ತ ನೆನಪಿಸಿದರು. ನಾನು ಕೇಳಲಿಲ್ಲ. ಸಾಹೇಬರು ಮನಸ್ಸು ಮಾಡಿದ್ದರೆ ಆ ಕಟ್ಟಳೆಯನ್ನು ಮುರಿಯಬಹುದಿತ್ತು. ಆದರೆ ಬರುವ ದೊಡ್ಡವರೆಲ್ಲ ಕೌದಿಯ ಜೊತೆಗೆ ಆ ಕಟ್ಟಳೆಯನ್ನೂ ಮೆಚ್ಚಿಕೊಂಡೇ ಬರುತ್ತಿದ್ದವರು. ಬಗೆಹರಿಯುವ ತನಕ ಇಳಿಯುವುದಿಲ್ಲ ಎಂಬುದನ್ನು ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದ್ದವರೂ ಸಾಹೇಬರೇ. ಕರವಸ್ತ್ರದೊಳಗಿಂದಲೇ, ಅವನನ್ನು ಬಿಡಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇನ್ನು ಮುಂದೆ ಈ ಕೈಯ ಕೌದಿ ಚಾವಡಿಯಲ್ಲಿ ನಡೆಯುವುದಿಲ್ಲ ಎಂದರು. ಅಂದರೆ ನನ್ನ ಬಾಯಿ ಮುಚ್ಚಿತು. ಗಟಾರದ ಕೌದಿ ಅಲ್ಲೇ ಇರುತ್ತದೆ, ಗಟಾರವೂ ಇರುತ್ತದೆ. ದುಃಖ ಆಗಬೇಕಿತ್ತು. ಆಗಲಿಲ್ಲ, ದಣಿವಾಗಿತ್ತು. ಆಗಲಿ ಸಾಹೇಬ್ರ ಎಂದು ಕೈಮುಗಿದೆ.

ಹಿಂದಿನ ಕೋಣೆಯ ಬೀಗ ತೆಗೆಯಲು ಹೋದ ಜವಾನ ಬಾಗಿಲು ತಳ್ಳಿ, ಒಳಗಿನ ನಾತಕ್ಕೆ ಮೂಗು ಮುಚ್ಚಿಕೊಂಡು ದೂರ ಸರಿದು ನಿಂತ. ನಮ್ಮವರು ಗೋಡೆ ಹಿಡಿದು ಹೊರಗೆ ಬಂದರು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮೂಟೆ ಹೊತ್ತು ಹೊತ್ತು ಗಟ್ಟಿಯಾಗಿದ್ದ ಹೆಗಲಲ್ಲಿ ಎಲುಬು ಎದ್ದಿತ್ತು. ನಾನೇ ಅವರ ಹತ್ತಿರ ಹೋಗಿ ಮೊಣಕೈ ಮುಟ್ಟಿದೆ. ಯಾರು ಎಂದು ನೋಡಿ, ಗುರುತು ಹಿಡಿದು, ತಲೆಯಾಡಿಸಿದರು. ಕೌದಿ ಮುಟ್ಟಲು ಜವಾನನೂ ಒಪ್ಪಲಿಲ್ಲ. ನಾನೇ ಇಳಿಸಿ ಮಡಿಚಿದೆ. ಹೊರೆ ಕಂಡರೆ ಸುಮ್ಮನಿರಲಾರದ ಮನುಷ್ಯ, ನಾನು ಬೇಡ ಬೇಡವೆಂದರೂ ಕಸಿದು ತಲೆಯ ಮೇಲೆ ಇಟ್ಟುಕೊಂಡರು. ದಾರಿಯಲ್ಲಿ ಜನ ಮೂಗು ಮುಚ್ಚಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟರು. ನಮ್ಮವರು ಯಾರನ್ನೂ ನೋಡಲಿಲ್ಲ.

ಮನೆಗೆ ಬಂದು ನಾನು ನೀರು ಕಾಯಿಸಲು ಒಲೆ ಹಚ್ಚಿದೆ. ಹುಸೇನಬಿ ಬಂದು ಬಾಗಿಲಲ್ಲೇ ನಿಂತು, ದ್ಯಾಮಣ್ಣಾ ಬಂದ್ಯಾ ಎಂದಷ್ಟೇ ಕೇಳಿ ಕಣ್ಣೊರೆಸಿಕೊಂಡು ಹೋದಳು. ತಿರುಗಿ ನೋಡಿದರೆ ನಮ್ಮವರು ಕೌದಿಯನ್ನು ನಡುಮನೆಯಲ್ಲಿ ಹಾಸಿಕೊಂಡು ಮಗ್ಗುಲಾಗಿ ಮಲಗಿದ್ದರು, ಕೆನ್ನೆಯನ್ನು ಬಟ್ಟೆಗೆ ಒತ್ತಿಕೊಂಡು. ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಹತ್ತಿರ ಹೋಗಿ, “ಏಳ್ರಿ, ಅದರ ಮ್ಯಾಲೆ ಮಲಗಬ್ಯಾಡ್ರಿ. ನಾತ ಹೊಡೀತೈತಿ, ಬಿಚ್ಚಿ ತೊಳೀತೀನಿ,” ಎಂದೆ.

ಅವರು ಕಣ್ಣು ತೆರೆದು, ಕೌದಿಯನ್ನು ಮೂಗಿನ ತನಕ ಎಳೆದುಕೊಂಡು ಉಸಿರು ತೆಗೆದುಕೊಂಡರು. ಎರಡು ಸಲ ತೆಗೆದುಕೊಂಡರು.

“ಏನ ನಾತ?” ಎಂದರು. “ಎಷ್ಟ ಸ್ವಚ್ಛ ಐತಿ.”

ಹಾಗೆಂದವರು ಹಾಗೆಯೇ ನಿದ್ದೆ ಹೋದರು. ನಾನು ಸೆರಗು ಬಿಟ್ಟು ಅವರ ಪಕ್ಕ ಕುಳಿತೆ.